ಧನುಷ್ಕೋಟಿಗೆ ಮರಳಿ ರೈಲು ಬೇಕೆ?

'ಆಸೇತು ಹಿಮಾಚಲ' ಎಂಬ ಮಾತನ್ನು ನಾವು ಭಾಷಣಗಳಲ್ಲಿ ಪದೇ ಪದೇ ಕೇಳುತ್ತೇವೆ. ಹಿಮಾಚಲದ ವಿಚಾರ ಇಂದು ಬೇಡ. ಸೇತುವಿನ ವಿಚಾರವನ್ನು ಮಾತ್ರ ನೋಡೋಣ. ರಾಮೇಶ್ವರದ ದ್ವೀಪವು ಆಗ್ನೇಯಕ್ಕೆ ಚಾಚಿರುವ ಸಣ್ಣದೊಂದು ಮರಳಿನ ನಾಲಗೆಯೇ ಧನುಷ್ಕೋಟಿ. ಎಂದರೆ ಬಿಲ್ಲಿನ ತುದಿ. ಮಹೋದಧಿ ಮತ್ತು ರತ್ನಾಕರಗಳೆಂದು ಯಾತ್ರಿಕರು ಕರೆಯುವ ಎರಡು ಕಡಲುಗಳು ಅಲ್ಲಿ ಕೂಡುತ್ತವೆ. ಕಾಶಿಗೆ ಹೋಗಿಬಂದವರು ಇಲ್ಲಿ ಸೇತುಸ್ನಾನ ಮಾಡಿದ ಹೊರತು ಯಾತ್ರೆ ಪೂರ್ತಿಯಾಗದೆಂದು ನಮ್ಮ ಹಿರಿಯರು ನಂಬಿದ್ದರು.

ಈ ಊರಿಗೆ ಒಂದು ಕಾಲದಲ್ಲಿ ರೈಲಿತ್ತು. 1964ರಲ್ಲಿ ಕಡಲು ಅದನ್ನು ಕಿತ್ತುಕೊಂಡಿತು. ಆ ದಾರಿಯನ್ನು ಮತ್ತೆ ಹಾಕಬೇಕೆಂದು 2019ರ ಮಾರ್ಚ್ 1ರಂದು ಪ್ರಧಾನಮಂತ್ರಿಗಳಿಂದ ಶಂಕುಸ್ಥಾಪನೆಯೂ ಆಯಿತು. ದೂರ ಹದಿನೇಳು ಕಿಲೋಮೀಟರಿಗೆ ತುಸು ಮೇಲೆ. ಆಗ ಅಂದಾಜು ಮಾಡಿದ ವೆಚ್ಚ ಸುಮಾರು 208 ಕೋಟಿ ರೂಪಾಯಿ. ಆದರೆ ಪರಿಸರದ ಕಾರಣವನ್ನು ಮುಂದೊಡ್ಡಿ ತಮಿಳುನಾಡು ಸರ್ಕಾರ ಇದಕ್ಕೆ ಸಮ್ಮತಿಸಲಿಲ್ಲ; ಕೆಲಸ ಮುಂದುವರಿಯಲಿಲ್ಲ. ಹಾಗಾದರೆ ನಿಂತುದು ಸರಿಯೆ, ಸಾಗಬೇಕಾಗಿತ್ತೆ? ಇದಕ್ಕೆ ಉತ್ತರ ಹೇಳುವ ಮೊದಲು, ಅಲ್ಲಿಗೆ ರೈಲು ಮೊದಲು ಏಕೆ ಹೋಯಿತೆಂಬುದನ್ನು ವಿಚಾರಿಸಬೇಕು.

ಅದು ಧನುಷ್ಕೋಟಿಗೋಸ್ಕರ ಹೋದುದಲ್ಲ, ಸಿಂಹಳಕ್ಕೋಸ್ಕರ ಹೋಯಿತು. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆಯನ್ನು ತೆರೆದರು. ಎರಡು ಕಿಲೋಮೀಟರಿಗೂ ಉದ್ದವಾದ ಈ ಸೇತುವೆಯ ನಡುವಣ ಭಾಗವು, ಹಡಗು ಬಂದಾಗ ಎರಡು ತೋಳುಗಳಂತೆ ಮೇಲಕ್ಕೆದ್ದು ದಾರಿ ಬಿಡುತ್ತಿತ್ತು. ಅಲ್ಲಿಂದ ಕೆಲವೇ ದಿನಗಳಲ್ಲಿ ಮದರಾಸಿಗೂ ಕೊಲಂಬೋವಿಗೂ ನೇರ ಸಂಪರ್ಕ ಉಂಟಾಯಿತು. ಎಗ್ಮೋರಿನಲ್ಲಿ ಒಂದೇ ಟಿಕೆಟ್ಟು ಕೊಂಡವನು ರೈಲಿನಲ್ಲಿ ಧನುಷ್ಕೋಟಿಯ ಕಟ್ಟೆಯವರೆಗೆ ಬಂದು, ಉಗಿಹಡಗನ್ನೇರಿ, ಸುಮಾರು ಇಪ್ಪತ್ತೆರಡು ಮೈಲಿ ನೀರು ದಾಟಿ, ತಲೈಮನ್ನಾರಿನಲ್ಲಿ ಇನ್ನೊಂದು ರೈಲು ಹಿಡಿಯುತ್ತಿದ್ದನು. ಜನ ಇದನ್ನು 'ಬೋಟ್ ಮೇಲ್' ಎಂದರು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು: ಪಾಂಬನ್ನಿನಲ್ಲಿ ದಾರಿ ಎರಡಾಗಿ ಕವಲೊಡೆದು, ಒಂದು ಕವಲು ರಾಮೇಶ್ವರಕ್ಕೂ ಇನ್ನೊಂದು ನೇರವಾಗಿ ಧನುಷ್ಕೋಟಿಗೂ ಹೋಗುತ್ತಿತ್ತು. ಬೋಟ್ ಮೇಲ್ ರಾಮೇಶ್ವರನಿಗೆ ದೂರದಿಂದಲೇ ಕೈಮುಗಿದು ಹಡಗಿನತ್ತ ಓಡಿತು! ರೈಲು ನಿಲ್ದಾಣ, ಸುಂಕದ ಕಚೇರಿ, ಅಂಚೆ ಮನೆ, ಇಗರ್ಜಿ, ಶಾಲೆ, ಇವೆಲ್ಲ ಆ ಓಟದ ಸುತ್ತ ಬೆಳೆದ ಊರಿನ ಅಂಗಗಳು.

1964ರ ಡಿಸೆಂಬರ್ 22ರ ನಡುರಾತ್ರಿ ಚಂಡಮಾರುತ ಬಂದಿತು. ಪಾಂಬನ್ನಿನಿಂದ ಹೊರಟ 653ನೆಯ ಸಂಖ್ಯೆಯ ಪ್ಯಾಸೆಂಜರ್ ಗಾಡಿ ಧನುಷ್ಕೋಟಿಯ ಸಮೀಪದಲ್ಲಿ ಕೈಮರದ ಸಂಜ್ಞೆ ಕಾಣದೆ ಕೆಲಕಾಲ ನಿಂತು, ಬಳಿಕ ಕತ್ತಲೆಯಲ್ಲಿ ಮುಂದಕ್ಕೆ ಸಾಗಿತು. ಅಷ್ಟರಲ್ಲಿ ಎದ್ದ ತೆರೆ ಅದನ್ನು ನುಂಗಿಬಿಟ್ಟಿತು. ಗಾಡಿಯಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ಊರೂ ಉಳಿಯಲಿಲ್ಲ. ಅದು ಇನ್ನು ವಾಸಕ್ಕೆ ಯೋಗ್ಯವಲ್ಲವೆಂದು ಮದರಾಸು ಸರ್ಕಾರ ಸಾರಿತು.

ಅದೇ ರಾತ್ರಿ ಪಾಂಬನ್ ಸೇತುವೆಯ 126 ತೊಲೆಗಳೂ ಕೊಚ್ಚಿಹೋದುವು. ಅವನ್ನು ಮರಳಿ ನಿಲ್ಲಿಸಲು ಮೇಲಿನವರು ಮೊದಲು ಕೊಟ್ಟ ಗಡುವು ಆರು ತಿಂಗಳು; ಅನಂತರ ಅದು ಮೂರಕ್ಕಿಳಿಯಿತು. ಇ. ಶ್ರೀಧರನ್ ಎಂಬ ತರುಣ ಎಂಜಿನಿಯರು ಬೆಸ್ತರ ನೆರವಿನಿಂದ ತೊಲೆಗಳನ್ನು ಕಡಲತಳದಲ್ಲಿ ಹುಡುಕಿಸಿ, ಎತ್ತಿಸಿ, 46 ದಿನಗಳಲ್ಲಿ ಕೆಲಸ ಮುಗಿಸಿದರು. ಮುಂದೆ ನಮ್ಮ ಕಾರವಾರ, ಉಡುಪಿಗಳ ಮೂಲಕ ಕೊಂಕಣ ರೈಲ್ವೆಯನ್ನು ಹಾಕಿಸಿದವರೂ ಇವರೇ. ಅಂಥವರು ಅಲ್ಲಿದ್ದರೂ ಸೇತುವೆಯ ಆಚೆಯ ಧನುಷ್ಕೋಟಿ ಕವಲಿಗೆ ಯಾರೂ ಕೈಹಾಕಲಿಲ್ಲ. ಸಾಮರ್ಥ್ಯ ಸಾಲದೆ ಹಾಗಾಯಿತೆಂದು ಹೇಳಲಾಗದು. ಹಡಗು ರಾಮೇಶ್ವರದಿಂದಲೇ ಹೊರಡಬಹುದೆಂದು ಕಂಡಿತು, ಹಾಗೆಯೇ ಹೊರಟಿತು. ಸಿಂಹಳದ ಅಂತಃಕಲಹ ತಲೆಯೆತ್ತಿದ ಮೇಲೆ, 1980ರ ದಶಕದ ಮೊದಲ ಭಾಗದಲ್ಲಿ, ಅದೂ ನಿಂತಿತು.

ರಾಮೇಶ್ವರದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಳೆಯ ಸೇತುವೆ ಸವೆದುಹೋದುದರಿಂದ 2022ರ ಡಿಸೆಂಬರಿನಲ್ಲಿ ಅದರ ಮೇಲಿನ ಸಂಚಾರವನ್ನು ನಿಲ್ಲಿಸಿದರು. 2025ರ ಏಪ್ರಿಲ್ 6ರಂದು ಹೊಸ ಸೇತುವೆ ತೆರೆಯುವವರೆಗೆ ಆ ಕ್ಷೇತ್ರಕ್ಕೆ ರೈಲಿರಲಿಲ್ಲ. ಗಾಡಿಗಳು ಮಂಡಪದಲ್ಲೇ ನಿಂತುವು. ಆ ಊರಿಗೆ ರೈಲು ಮರಳಬೇಕೆ ಎಂದು ಯಾರಾದರೂ ಕೇಳಿದರೆ? ಕೇಳಬೇಕಾದ ಪ್ರಮೇಯವೇ ಇರಲಿಲ್ಲ. ಅಲ್ಲಿ ಊರಿದೆ, ದೇವಾಲಯವಿದೆ, ವರುಷವಿಡೀ ಜನರಿದ್ದಾರೆ.

ಧನುಷ್ಕೋಟಿಯಲ್ಲಿ ಏನಿದೆ? ಇಗರ್ಜಿಯ ಮುರಿದ ಗೋಡೆಗಳಿವೆ. 2017ರಲ್ಲಿ ಮರಳಿನ ಕೊನೆಯವರೆಗೂ ಹಾಕಿದ ಒಳ್ಳೆಯ ರಸ್ತೆಯಿದೆ. ಸೇತುಸ್ನಾನಕ್ಕೆ ಹೋಗುವವರಿಗೆ ಅದು ಸಾಕು. ಅಲ್ಲಿ ಇಳಿಯುವ ಫ್ಲೆಮಿಂಗೋ ಹಕ್ಕಿಗಳಿಗಾಗಿ 2025ರಲ್ಲಿ ಸರ್ಕಾರ ಅಭಯಾರಣ್ಯವನ್ನೂ ಸಾರಿದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ವಾಸಯೋಗ್ಯವಲ್ಲವೆಂಬ ಸಾರೋಣೆಯನ್ನು ಲೆಕ್ಕಿಸದೆ ಗುಡಿಸಲುಗಳಲ್ಲಿ ಬಾಳುತ್ತಿರುವ ಬೆಸ್ತರಿದ್ದಾರೆ. ರೈಲಿನ ಪರವಾಗಿ ವಾದಿಸುವವರು ಯಾತ್ರಿಕರನ್ನು ನೆನೆಯುತ್ತಾರೆ, ಪ್ರವಾಸಿಗಳನ್ನು ನೆನೆಯುತ್ತಾರೆ. ಈ ಬೆಸ್ತರ ಹೆಸರನ್ನು ಅವರು ಎತ್ತುವುದು ಅಪರೂಪ. ಕುಡಿಯುವ ನೀರು, ದೀಪ, ಮಕ್ಕಳಿಗೆ ಶಾಲೆ, ರಾತ್ರಿ ಕಡಲು ಕೆರಳಿದರೆ ಓಡಿಹೋಗಿ ನಿಲ್ಲಲು ಒಂದು ಗಟ್ಟಿಯಾದ ಕಟ್ಟಡ: ಇನ್ನೂರೆಂಟು ಕೋಟಿಯ ಒಂದಂಶದಲ್ಲಿ ಇಷ್ಟೂ ಆದೀತು.

ಹಾಗೆಂದು ನಾನು ಹಳೆಯ ಮಾರ್ಗವನ್ನೇ ಮರೆತುಬಿಡಿ ಎನ್ನುವವನಲ್ಲ. ಅಂತರ್ಯುದ್ಧದಲ್ಲಿ ಹಾಳಾಗಿ 1990ರಿಂದ ಮುಚ್ಚಿದ್ದ ತಲೈಮನ್ನಾರ್ ರೈಲು ದಾರಿಯನ್ನು ನಮ್ಮ ದೇಶದ ಸಂಸ್ಥೆಯೇ ಮರಳಿ ಕಟ್ಟಿತು. 2015ರ ಮಾರ್ಚ್ 14ರಂದು ಅಲ್ಲಿ ಗಾಡಿ ಓಡಲಾರಂಭಿಸಿತು. ಎದುರು ದಡದ ರೈಲು ಹೀಗೆ ನೀರಿನ ಅಂಚಿಗೆ ಬಂದು ನಿಂತಿದೆ. ಈಚೆ ದಡದಲ್ಲಿ ಹೊಸ ಸೇತುವೆಯೂ ಆಗಿದೆ. ನಡುವೆ ಇಲ್ಲದಿರುವುದು ಹಡಗೊಂದೇ. ಎರಡು ಸರ್ಕಾರಗಳೂ ಅದರ ಮಾತುಕತೆ ನಡೆಸಿವೆ. ಅದು ಕೈಗೂಡಿದ ದಿನ ಹಡಗು ಹೊರಡುವುದು ರಾಮೇಶ್ವರದ ರೇವಿನಿಂದ; ಅಲ್ಲಿಗೆ ರೈಲು ಈಗಾಗಲೇ ಬಂದಿದೆ.