ಮೀಸಲು ಕ್ಷೇತ್ರವೂ ಹಟ್ಟಿಯ ಎಲ್ಲೆಯೂ

ಒಂದು ಪ್ರದೇಶದ ಮತದಾರರು ತಾವು ತಲೆಮಾರುಗಳಿಂದ ದೂರವಿರಿಸಿದ್ದ ಜನಾಂಗದವನೊಬ್ಬನನ್ನು ಪ್ರತಿನಿಧಿಯಾಗಿ ಆರಿಸಿದರೆಂದರೆ, ಆ ಜನಾಂಗವು ಅಲ್ಲಿ ನಿರ್ಭಯವಾಗಿ ಬಾಳುತ್ತಿದೆಯೆಂದು ತೀರ್ಮಾನಿಸಬಹುದೆ? ಅಮೆರಿಕದ ನಗರಗಳನ್ನು ಕುರಿತು ಈ ಪ್ರಶ್ನೆ ಹಲವು ಸಲ ಎದ್ದಿದೆ. ಬಿಳಿಯ ಮತದಾರರೇ ಹೆಚ್ಚಾಗಿದ್ದ ಲಾಸ್ ಏಂಜಲೀಸ್ ನಗರದಲ್ಲಿ 1973ರಲ್ಲಿ ಕರಿಯ ಜನಾಂಗದ ಟಾಮ್ ಬ್ರ್ಯಾಡ್ಲಿಯವರು ಮೇಯರಾಗಿ ಚುನಾಯಿತರಾಗಿ, 1993ರವರೆಗೂ ಆ ಸ್ಥಾನದಲ್ಲಿದ್ದರು. ಅವರು ಹಿಂದೆ ಅದೇ ನಗರದ ಪೊಲೀಸ್ ಅಧಿಕಾರಿಯಾಗಿದ್ದವರು. ಅವರ ಕಾಲದಲ್ಲಿಯೇ, 1991ರಲ್ಲಿ, ರಾಡ್ನಿ ಕಿಂಗ್ ಎಂಬ ಕರಿಯನನ್ನು ಪೊಲೀಸರು ಥಳಿಸಿದರು. ಮರುವರ್ಷ ಆ ಪೊಲೀಸರು ಶಿಕ್ಷೆಯಿಲ್ಲದೆ ಪಾರಾದೊಡನೆ ಎದ್ದ ಗಲಭೆಯಲ್ಲಿ 50ಕ್ಕೂ ಹೆಚ್ಚು ಮಂದಿ ಸತ್ತರು. ಪೊಲೀಸ್ ಮುಖ್ಯಸ್ಥನನ್ನು ತೆಗೆದುಹಾಕುವ ಅಧಿಕಾರವನ್ನು ನಗರದ ಸನ್ನದು ಮೇಯರಿಗೆ ಕೊಟ್ಟಿರಲಿಲ್ಲ.

ಆದರೂ ಅಲ್ಲಿಯ ಮತದಾರರು ಯಾವ ಕಾನೂನಿನ ನಿರ್ಬಂಧವೂ ಇಲ್ಲದೆ ಆರಿಸಿದರೆಂಬುದನ್ನು ಒಪ್ಪಲೇಬೇಕು. ನಮ್ಮ ಮೀಸಲು ಕ್ಷೇತ್ರಗಳಲ್ಲಿ ಅಷ್ಟನ್ನೂ ಹೇಳಲಾಗದು. ಇಲ್ಲಿ ಅಭ್ಯರ್ಥಿಯ ಜಾತಿಯನ್ನು ನಿರ್ಣಯಿಸುವುದು ಸಂವಿಧಾನದ 330 ಮತ್ತು 332ನೆಯ ವಿಧಿಗಳೇ ಹೊರತು ಮತದಾರನ ಮನಃಪರಿವರ್ತನೆಯಲ್ಲ. ಈ ಏರ್ಪಾಡಿನ ಮೂಲ 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿದೆ. ಅದರಿಂದ ಪ್ರಾಂತೀಯ ಶಾಸನ ಸಭೆಗಳಲ್ಲಿ ದಲಿತವರ್ಗಗಳ ಸ್ಥಾನಗಳು 71ರಿಂದ 148ಕ್ಕೆ ಏರಿದುವು. ಆದರೆ ಪ್ರತ್ಯೇಕ ಮತದಾನ ಹೋಯಿತು. ದಲಿತ ಮತದಾರರೇ ಮೊದಲು ನಾಲ್ವರನ್ನು ಸೂಚಿಸಬೇಕೆಂಬ ಪ್ರಾಥಮಿಕ ಚುನಾವಣೆಯೊಂದು ಉಳಿದಿತ್ತು. ಸಂವಿಧಾನದಲ್ಲಿ ಅದಕ್ಕೂ ಎಡೆಯಿಲ್ಲ. ಅಂತಿಮ ಆಯ್ಕೆ ಉಳಿದ ಜಾತಿಗಳ ಕೈಯಲ್ಲಿ ಉಳಿಯುವುದೆಂಬುದೇ ಅಂಬೇಡ್ಕರರ ಆತಂಕವಾಗಿತ್ತು. ಈ ಒಪ್ಪಂದ ಬ್ರಿಟಿಷ್ ಪ್ರಾಂತಗಳಿಗೆ ಮಾತ್ರ ಅನ್ವಯಿಸಿದ್ದರಿಂದ, ಅಂದು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಮೊಳಕಾಲ್ಮೂರಿಗೆ ಅದು ತಟ್ಟಲಿಲ್ಲ. ಗಡಿಯಾಚೆ, ಮದರಾಸು ಪ್ರಾಂತದ ರಾಯದುರ್ಗದ ಸೀಮೆಗೆ ತಟ್ಟಿತು.

ಚಳ್ಳಕೆರೆ, ಮೊಳಕಾಲ್ಮೂರುಗಳೆರಡೂ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇವನ್ನೊಳಗೊಂಡ ಚಿತ್ರದುರ್ಗ ಲೋಕಸಭಾ ಕ್ಷೇತ್ರವು 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗಳಿಗೆ ಮೀಸಲು. ಈ ಎರಡು ಬಗೆಯ ಮೀಸಲನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ನಾಯಕ ಸಮುದಾಯವು ಈ ತಾಲ್ಲೂಕುಗಳಲ್ಲಿ ಸಂಖ್ಯೆಯಿಂದಲೂ, 1779ರಲ್ಲಿ ಹೈದರಾಲಿಗೆ ಸೋತ ದುರ್ಗದ ಪಾಳೆಯಗಾರರ ನೆನಪಿನಿಂದಲೂ ಬಲವುಳ್ಳದ್ದು. ಬಡತನ ಅಲ್ಲಿಯೂ ಧಾರಾಳವಾಗಿದೆ. ಅದು ಬೇರೆ ಮಾತು. ಹೀಗಿರುವಾಗ ಚಳ್ಳಕೆರೆಯಿಂದ 2013, 2018, 2023ರಲ್ಲಿ ಮೂರು ಸಲ ಗೆದ್ದ ಟಿ. ರಘುಮೂರ್ತಿಯವರ ಆಯ್ಕೆಯಿಂದಾಗಲಿ, 2018ರಲ್ಲಿ ಬಳ್ಳಾರಿಯಿಂದ ಬಂದು ಮೊಳಕಾಲ್ಮೂರಿನಲ್ಲಿ ಗೆದ್ದ ಬಿ. ಶ್ರೀರಾಮುಲು ಅವರ ಆಯ್ಕೆಯಿಂದಾಗಲಿ ಅದೇ ಊರುಗಳ ದಲಿತ ಕೇರಿಯ ಸ್ಥಿತಿಯನ್ನು ಊಹಿಸಲು ಅವಕಾಶವಿಲ್ಲ.

ಲೋಕಸಭಾ ಕ್ಷೇತ್ರದ ಸಾಕ್ಷ್ಯವಾದರೋ ಇನ್ನೂ ಸ್ಪಷ್ಟವಾದುದು. 2019ರಲ್ಲಿ ಇಲ್ಲಿಂದ ಗೆದ್ದ ಎ. ನಾರಾಯಣಸ್ವಾಮಿಯವರು ಮಾದಿಗ ಸಮುದಾಯದವರು, ಆನೇಕಲ್ಲಿನಿಂದ ಹಲವು ಸಲ ಶಾಸಕರಾಗಿದ್ದವರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ತಮ್ಮ ಕ್ಷೇತ್ರಕ್ಕೇ ಸೇರಿದ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋದಾಗ, ಅವರ ಜಾತಿಯ ಕಾರಣದಿಂದ ಹಟ್ಟಿಯ ಒಳಕ್ಕೆ ಬರಕೂಡದೆಂದು ಕೆಲವರು ತಡೆದರು. ಸಂಸದರು ಹಿಂದಿರುಗಿದರು. ತಡೆದವರು ಮೇಲ್ಜಾತಿಯ ಜಮೀನುದಾರರೇನೂ ಅಲ್ಲ, ಗೊಲ್ಲರೂ ಹಿಂದುಳಿದವರೇ. ಮುಟ್ಟಾದ ತಮ್ಮ ಹೆಂಗಸರನ್ನೂ ಬಾಣಂತಿಯರನ್ನೂ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ಇಂಥ ಹಟ್ಟಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಡಿಯ ಆ ಎಲ್ಲೆಗೆ ಮತಪೆಟ್ಟಿಗೆಯ ಫಲಿತಾಂಶ ತಿಳಿಯದು. ಮತ ಹಾಕುವುದು ಗುಟ್ಟಾಗಿ. ಹಟ್ಟಿಯೊಳಕ್ಕೆ ಕರೆಯುವುದು ಹತ್ತು ಮಂದಿಯ ಎದುರಿಗೆ. ಈ ವ್ಯತ್ಯಾಸಕ್ಕೆ ನಮ್ಮ ಚುನಾವಣಾ ವಿಶ್ಲೇಷಣೆಗಳಲ್ಲಿ ತಕ್ಕ ಬೆಲೆ ಸಂದಿಲ್ಲವೆಂದು ನನಗೆ ತೋರುತ್ತದೆ.

ಇದು ಅವಮಾನದ ಮಾತಾಯಿತು. ಪ್ರಾಣದ ಮಾತಿಗೆ ಕೋಲಾರದತ್ತ ನೋಡಬೇಕು. ಪರಿಶಿಷ್ಟ ಜಾತಿಗೆ ಮೀಸಲಾದ ಆ ಲೋಕಸಭಾ ಕ್ಷೇತ್ರವನ್ನು 1991ರಿಂದ ಕೆ. ಎಚ್. ಮುನಿಯಪ್ಪನವರು ಪ್ರತಿನಿಧಿಸುತ್ತಿದ್ದರು. 2000ದ ಮಾರ್ಚ್ 11ರಂದು ಆ ಕ್ಷೇತ್ರದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಜೀವಂತವಾಗಿ ಸುಡಲ್ಪಟ್ಟರು. ಮೊಕದ್ದಮೆಯಲ್ಲಿ ಸಾಕ್ಷಿಗಳು ತಮ್ಮ ಹೇಳಿಕೆಯಿಂದ ಹಿಂದೆ ಸರಿದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಸಾಕ್ಷಿ ಹೇಳಿ ಮರಳಿ ಅದೇ ಊರಿನಲ್ಲಿ ಬಾಳಬೇಕಾದವನ ಭಯವನ್ನು ದೆಹಲಿಯಲ್ಲಿ ಕುಳಿತ ಪ್ರತಿನಿಧಿ ಯಾವ ಅಧಿಕಾರದಿಂದ ನೀಗಿಸಬಲ್ಲನು? ಠಾಣೆಯೂ ನ್ಯಾಯಾಲಯವೂ ಅವನ ಆಜ್ಞೆಗೆ ಒಳಪಟ್ಟವಲ್ಲ.

ಹಾಗೆಂದು ಈ ಸ್ಥಾನಗಳು ನಿರರ್ಥಕವೆನ್ನುವುದು ನನ್ನ ಅಭಿಪ್ರಾಯವಲ್ಲ. ಪಾವಗಡದ ಹಟ್ಟಿಯಿಂದ ಹಿಂದಿರುಗಿದವನು ಒಬ್ಬ ಕೂಲಿಕಾರನಾಗಿದ್ದರೆ ಅದು ಸುದ್ದಿಯೇ ಆಗುತ್ತಿರಲಿಲ್ಲ. ಸಂಸದರಾದುದರಿಂದ ದೇಶಕ್ಕೆಲ್ಲ ತಿಳಿಯಿತು. ಅಸ್ಪೃಶ್ಯತೆಯ ಆಚರಣೆ 1955ರ ಕಾನೂನಿನಿಂದಲೇ ದಂಡನಾರ್ಹ ಅಪರಾಧವಾಗಿತ್ತು. ಹಟ್ಟಿಯ ಹೊರಗಿನಿಂದ ಹಿಂದಿರುಗಿದ ನಾರಾಯಣಸ್ವಾಮಿಯವರು 2021ರ ಜುಲೈಯಲ್ಲಿ ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಖಾತೆಯ ರಾಜ್ಯ ಸಚಿವರಾದರು.