‘ಎಷ್ಟ ಕೊಡತೈತಿ?’

ಊರಿಗೆ ಹೊಸ ಕಾರು ತಗೊಂಡು ಹೋದವರಿಗೆಲ್ಲ ಈ ಪ್ರಶ್ನೆ ಗೊತ್ತು. ಹತ್ತಿಮತ್ತೂರಿನ ಮನೆ ಮುಂದೆ ಕಾರು ನಿಲ್ಲಿಸಿ, ಕಾಯಿ ಒಡೆದು, ಗಾಲಿ ಕೆಳಗೆ ಲಿಂಬಿಹಣ್ಣು ಇಡೋದರೊಳಗೆ ಯಾರಾದರೂ ಕಾಕಾ ಬಂದು ಬಾನೆಟ್ ಮೇಲೆ ಕೈಯಿಟ್ಟು ಕೇಳೇ ಕೇಳ್ತಾರೆ: “ತಮ್ಮಾ, ಎಷ್ಟ ಕೊಡತೈತಿ?” ಎಮ್ಮೆ ಕೊಳ್ಳುವಾಗಲೂ ಇದೇ ಮಾತು. ಅಲ್ಲಿ ಹೊತ್ತಿಗೆ ಎಷ್ಟು ಲೀಟರ್, ಇಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್.

ನಗಬೇಡಿ. ಬೆಂಗಳೂರಿನಲ್ಲಿ ಕೂತು ಆರೇಳು ಹ್ಯಾಚ್‌ಬ್ಯಾಕ್‌ಗಳನ್ನು ಎಕ್ಸೆಲ್ ಶೀಟಿಗೆ ಹಾಕಿ ಹೋಲಿಸುವ ನಮ್ಮ ಮೊದಲ ಕಾಲಮ್ಮೂ ಅದೇ. ಕಾರನ್ನು ಅಳೆಯುವ ಈ ಅಳತೆಗೋಲು ನಮ್ಮ ಕೈಗೆ ಬಂದಿದ್ದು ಹೇಗೆ?

1983ಕ್ಕಿಂತ ಮುಂಚೆ ಅಳೆಯುವ ಮಾತೇ ಇರಲಿಲ್ಲ ಅನ್ನಬಹುದು. ಅಂಬಾಸಿಡರ್ ಅಥವಾ ಫಿಯಟ್ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಸಿಕ್ಕಿದ್ದೇ ಪುಣ್ಯ ಅನ್ನುವವನು ಗುಣದೋಷ ಏನು ನೋಡಿಯಾನು? ಆ ವರ್ಷದ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್, ಬೆಲೆ ಸುಮಾರು 50 ಸಾವಿರ ರೂಪಾಯಿ. ಸಂಬಳದ ಜನ ಹಗುರಾದ ಈ ಪುಟ್ಟ ಹ್ಯಾಚ್‌ಬ್ಯಾಕಿನ ಲೆಕ್ಕ ಹಾಕೋಕೆ ಶುರುಮಾಡಿದರು. ಪೆಟ್ರೋಲ್ ಖರ್ಚೇ ದೊಡ್ಡ ಖರ್ಚು, ಹಾಗಾಗಿ ಮೈಲೇಜೇ ದೊಡ್ಡ ಪ್ರಶ್ನೆ.

ಆ ಕಾಲಕ್ಕೆ ಆ ಪ್ರಶ್ನೆ ಸರಿಯಾಗೇ ಇತ್ತು. ಯಾಕಂದರೆ ರಸ್ತೆ ಹಾಗಿತ್ತು. ಹಾವೇರಿ ಮೇಲೆ ಹಾಯುವ ಪುಣೆ-ಬೆಂಗಳೂರು ರಸ್ತೆ ಆಗಿನ್ನೂ ಎರಡು ಪಥದ್ದು. ಮುಂದೆ ಚಕ್ಕಡಿ, ಹಿಂದೆ ಲಾರಿ. ಅದರಲ್ಲಿ ಎಷ್ಟು ಜೋರಾಗಿ ಹೋಗೋಕಾಗುತ್ತೆ?

1998ರಲ್ಲಿ ಹ್ಯುಂಡೈ ಸ್ಯಾಂಟ್ರೊ ಬಂತು, ಅದರ ಬೆನ್ನಿಗೇ ಟಾಟಾ ಇಂಡಿಕಾ. ಇಂಡಿಕಾದ ಡೀಸೆಲ್ ಎಂಜಿನ್ ಪ್ರಶ್ನೆಗೆ ಇನ್ನೊಂದು ಬಾಲ ಅಂಟಿಸಿತು: ‘ಪೆಟ್ರೋಲೋ, ಡೀಸೆಲ್ಲೋ?’ ಡೀಸೆಲ್ ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟಿದ್ದರಿಂದ ಆ ಲೆಕ್ಕ ಗೆಲ್ಲುತ್ತಿತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಹೋಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ಬಿಟ್ಟುಬಿಟ್ಟಿತು.

ಇನ್ನು ಕಾರಿನ ಆಕಾರ. ಅದನ್ನು ಗೆರೆ ಎಳೆದು ಕೊಟ್ಟಿದ್ದು ದೆಹಲಿಯ ಬಜೆಟ್. 2006ರಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ಷರತ್ತು ಇಷ್ಟೇ: ಉದ್ದ 4 ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1200, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಜಿಎಸ್‌ಟಿ ಬಂದ ಮೇಲೂ ಆ ಗೆರೆ ಅಳಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 18ಕ್ಕೆ ಇಳಿದಿದ್ದೂ ಆ ಗೆರೆಯೊಳಗಿನ ಕಾರುಗಳಿಗೇ. ನೀವು ‘ನಂಗೆ ಇಷ್ಟ ಆಯ್ತು’ ಅನ್ನುವ ಹ್ಯಾಚ್‌ಬ್ಯಾಕ್ ಅರ್ಧ ತೆರಿಗೆ ಇಲಾಖೆಯ ವಿನ್ಯಾಸ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. 2011ರ ಜೂನ್‌ನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಎಟಿಯೋಸ್ ಲಿವಾ ಹೊರಬಂತು. ಆರಂಭದ ಬೆಲೆ ದೆಹಲಿ ಶೋರೂಮಿನಲ್ಲಿ 3.99 ಲಕ್ಷ. 1197 ಸಿಸಿ ಪೆಟ್ರೋಲ್, ಆಮೇಲೆ 1364 ಸಿಸಿ ಡೀಸೆಲ್, ಉದ್ದ 3,775 ಮಿ.ಮೀ. ಎಲ್ಲವೂ ಗೆರೆಯೊಳಗೇ. ಆದರೂ ಸ್ವಿಫ್ಟ್ ಓಡಿದ ಹಾಗೆ ಅದು ಓಡಲಿಲ್ಲ. ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇತ್ತು, ಒಳಗಿನ ಪ್ಲಾಸ್ಟಿಕ್ ಸಾದಾ. ಅಣ್ಣ ಎಟಿಯೋಸ್ ಸೆಡಾನ್ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತಿತ್ತು, ತಮ್ಮನಿಗೂ ಅದೇ ಹೆಸರು ಬಂತು: “ಟ್ಯಾಕ್ಸಿ ಇದ್ದಂಗೈತಿ.”

ಈ ನಡುವೆ ಅಳತೆಗೋಲನ್ನೇ ಬದಲಿಸಬೇಕಾದ ಸುದ್ದಿ ಬಂತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು 64 ಕಿ.ಮೀ. ವೇಗದಲ್ಲಿ ತಡೆಗೆ ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಈ ಐದಕ್ಕೂ ಬಂದಿದ್ದು ಸೊನ್ನೆ ಸ್ಟಾರ್. ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದಾಗ ಪೋಲೊಗೆ ನಾಲ್ಕು ಸ್ಟಾರ್ ಬಂತು, ಅದರ ಬಾಡಿ ಗಟ್ಟಿಯಿತ್ತು. ಆಲ್ಟೊ, ನ್ಯಾನೊ, ಐ10ಗಳ ಬಾಡಿಯೇ ಕುಸಿದಿದ್ದರಿಂದ ಬರೀ ಏರ್‌ಬ್ಯಾಗ್ ಹಾಕಿದರೆ ಸಾಲದು ಅಂತ ವರದಿ ಹೇಳಿತು. ಅದೇ ನವೆಂಬರಿನಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೂ ಸೊನ್ನೆ.

2016ರಲ್ಲಿ ಲಿವಾದ ಸರದಿ. ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ಸ್ಟಾರ್. ಅಷ್ಟೊತ್ತಿಗೆ ಅದರ ಎಲ್ಲ ಮಾದರಿಗಳಲ್ಲೂ ಎರಡು ಏರ್‌ಬ್ಯಾಗ್ ಇದ್ದವು. ಬಿಡದಿಯ ಕಾರು ಒಳ್ಳೇ ಉತ್ತರ ಹಿಡಿದುಕೊಂಡು ನಿಂತಿತ್ತು, ಕೇಳುವವರೇ ಕಮ್ಮಿ. 2020ರಲ್ಲಿ ಬಿಎಸ್-6ಗೆ ಬದಲಿಸದೆ ಕಂಪನಿ ಅದನ್ನು ನಿಲ್ಲಿಸಿತು.

ಕೊಂಡವರದೊಂದೇ ತಪ್ಪು ಅಂತ ನಾನು ಹೇಳೋದಿಲ್ಲ. 2011ರಲ್ಲಿ ಶೋರೂಮಿಗೆ ಹೋದವನಿಗೆ ಮೈಲೇಜ್ ಹಾಳೆ ಸಿಗುತ್ತಿತ್ತು, ಡಿಕ್ಕಿಯ ಹಾಳೆ ಎಲ್ಲಿತ್ತು? ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದ್ದೇ 2019ರಲ್ಲಿ. ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಗಿದ್ದು 2023ರ ಅಕ್ಟೋಬರ್ 1ಕ್ಕೆ. ಹಾಗಂತ ಸಣ್ಣ ಕಾರು ಗಟ್ಟಿ ಇರೋಕಾಗಲ್ಲ ಅನ್ನೋ ಮಾತೂ ಸುಳ್ಳು. ನಾಲ್ಕು ಮೀಟರ್ ಒಳಗಿನ ಟಾಟಾ ಆಲ್ಟ್ರೋಜ್ 2020ರ ಜನವರಿಯಲ್ಲೇ ಐದು ಸ್ಟಾರ್ ಪಡೆದಿತ್ತು.

ಒಟ್ಟು ಕಥೆ ಇಷ್ಟು: ರಸ್ತೆ ಬದಲಾಯ್ತು, ಪ್ರಶ್ನೆ ಬದಲಾಗಲಿಲ್ಲ. ಹಾವೇರಿಯಲ್ಲಿ ಹೆದ್ದಾರಿ ಹತ್ತಿದರೆ ರಾಣೆಬೆನ್ನೂರು, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾದು ಬೆಂಗಳೂರು ಸುಮಾರು 340 ಕಿ.ಮೀ. ಎರಡು ಪಥ ಹೋಗಿ ನಾಲ್ಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹೆದ್ದಾರಿಗಳಿಗೆ ಕಾರಿನ ಗರಿಷ್ಠ ವೇಗವನ್ನು 100 ಕಿ.ಮೀ.ಗೆ ಏರಿಸಿತು. ಚಕ್ಕಡಿ ಹಿಂದೆ ಹೊರಟಿದ್ದ ಕಾಲದ ಅಳತೆಗೋಲು ಹಿಡಿದು, ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೂರರಲ್ಲಿ ಹೋಗುತ್ತಿದ್ದೇವೆ. ತಮಾಷೆ ಅಂದರೆ ನಾವು ನಂಬುವ ಆ ಮೈಲೇಜ್ ಅಂಕಿಯೂ ಪ್ರಯೋಗಾಲಯದ ರೋಲರ್ ಮೇಲೆ ತೆಗೆದದ್ದು, ಅಲ್ಲಿ ವೇಗ 90 ದಾಟೋದಿಲ್ಲ.

ಹಾಗಾದರೆ ಮೈಲೇಜ್ ಕೇಳಬಾರದಾ? ಕೇಳಿ. ಇಎಂಐ ಕಟ್ಟುವವರು ನಾವೇ. ಊರಿನ ಹಂಪ್‌ಗಳಿಗೆ ಅಡಿ ತಾಗುತ್ತಾ, ಹಾವೇರಿಯಲ್ಲಿ ಸರ್ವಿಸ್ ಸಿಗುತ್ತಾ, ಮಾರಿದರೆ ಎಷ್ಟು ಬರುತ್ತೆ, ಇವೂ ಬೇಕಾದ ಪ್ರಶ್ನೆಗಳೇ. ಮೊದಲ ಕಾಲಮ್ ಮಾತ್ರ ಬದಲಿಸಿ. ಗುದ್ದಿಸಿ ನೋಡಿದ್ದಾರಾ, ಯಾವ ವರ್ಷ, ಎಷ್ಟು ಏರ್‌ಬ್ಯಾಗ್ ಇದ್ದ ಮಾದರಿ, ನಾನು ಕೊಳ್ಳುತ್ತಿರುವುದೂ ಅದೇನಾ? ಹಳೇ ಸ್ಟಾರ್ ತೋರಿಸಿ ಹೊಸ ಕಾರು ಮಾರುವವರೂ ಇದ್ದಾರೆ.

ಇನ್ನೊಂದು ಮಾತು. ಹೊಸ ಕಾರಿಗೆ ಮೊದಲು ಹಾಕಿಸೋದು ಸೀಟ್ ಕವರ್. ಹಿಂದಿನ ಸೀಟಿನ ಬೆಲ್ಟ್ ಸಿಕ್ಕಿಸುವ ಬಕಲ್ ಅದರಡಿ ಸೇರಿದರೆ ಮತ್ತೆ ಮೇಲೆ ಬರೋದೇ ಇಲ್ಲ. ಅವ್ವ, ಮಕ್ಕಳು ಕೂರೋದು ಅಲ್ಲೇ. ಕಾಯಿ ಒಡೆಯೋಕೆ ಮುಂಚೆ ಕೈ ಹಾಕಿ ಅದನ್ನೊಂದು ಮೇಲಕ್ಕೆ ಎಳೆದಿಡಿ. ಕಾಕಾ ಕೇಳಿದ್ದಕ್ಕೆ ಆಮೇಲೆ ಉತ್ತರ ಕೊಟ್ಟರಾಯ್ತು.