ಬರೆಯ ಮೇಲಿನ ಊರು

ಮಡಿಕೇರಿಯಲ್ಲಿ ಸಮತಟ್ಟು ಜಾಗ ಬಲು ಕಡಿಮೆ. ಬಸ್ ನಿಲ್ದಾಣದಿಂದ ಯಾವ ದಿಕ್ಕಿಗೆ ಹೊರಟರೂ ಒಂದೋ ಏರು, ಇಲ್ಲವೇ ಇಳಿಜಾರು. ಮೇಲಿನ ಮನೆಯ ಅಂಗಳ ಕೆಳಗಿನ ಮನೆಯ ಸೂರಿನ ಎತ್ತರಕ್ಕಿರುತ್ತದೆ. ಅಡುಗೆಮನೆಯ ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಮಣ್ಣು ಕಡಿದು ನಿಲ್ಲಿಸಿದ ಬರೆ, ಅದರ ಮೈತುಂಬ ಜರಿಗಿಡ, ಪಾಚಿ. ಎರಡು ದಿನಕ್ಕೆಂದು ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಬುಡದಲ್ಲೇ ಮನೆಯಿರುವವರು ಜುಲೈ ರಾತ್ರಿಗಳಲ್ಲಿ ಎದ್ದು, ಟಾರ್ಚ್ ಹಾಕಿ, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾರೆ. ಮಡಿಕೇರಿಯಲ್ಲಿ ಬದುಕುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈ ಎರಡನೆಯವರ ಕಣ್ಣಿನಿಂದಲೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಊಟಿ ಬೆಳೆದದ್ದು ಬ್ರಿಟಿಷರ ಬೇಸಿಗೆ ಬಿಡಾರವಾಗಿ. ಮಡಿಕೇರಿಯ ಹುಟ್ಟು ಹಾಗಲ್ಲ, ಇದು ರಾಜಧಾನಿ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿಗೆ ನೆಲೆ ಬದಲಿಸಿದ. ಅವನ ಹೆಸರಿನ ಮುದ್ದುರಾಜಕೇರಿಯೇ ಮಡಿಕೇರಿಯಾಯಿತು ಎನ್ನುತ್ತಾರೆ. ಅವನು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. ಒಳಗಿನ ಅರಮನೆಯನ್ನು 1812ರಿಂದ 1814ರ ಅವಧಿಯಲ್ಲಿ ಹೊಸದಾಗಿ ಕಟ್ಟಿಸಿದ್ದು ಲಿಂಗರಾಜೇಂದ್ರ. ಅವನೇ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಮುಂದೆ ಕೆರೆ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯಿತು. ಕೋಟೆಯೊಳಗೆ ಇಗರ್ಜಿ ಬಂತು, ಈಗ ಅದೇ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವಿದೆ. 1956ರಲ್ಲಿ ಮೈಸೂರಿಗೆ ಸೇರುವವರೆಗೆ ಕೊಡಗು ಬೇರೆಯೇ ರಾಜ್ಯವಾಗಿತ್ತು, ಈ ಪುಟ್ಟ ಊರು ಅದರ ರಾಜಧಾನಿ. 2011ರ ಜನಗಣತಿಯಲ್ಲೂ ಇಲ್ಲಿದ್ದವರು ಸುಮಾರು 33 ಸಾವಿರ ಜನ ಮಾತ್ರ.

ಸಾವಿರ ಮೀಟರ್‌ಗೂ ಮೀರಿದ ಎತ್ತರ, ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಮೂವತ್ತು ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಇದರ ಅರ್ಧವೂ ಸುರಿಯುವುದಿಲ್ಲ. ಇಲ್ಲಿ ಮಳೆಯನ್ನು ಇಂಚಿನಲ್ಲಿ ಹೇಳುವುದು ರೂಢಿ. ಕಾಫಿ ತೋಟದವರು ಬೆಳಿಗ್ಗೆ ಎದ್ದೊಡನೆ ಮಾಪಕ ನೋಡಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ನೆರೆಯವರು ಸಿಕ್ಕಿದರೆ ಕ್ಷೇಮ ವಿಚಾರಿಸುವ ಮೊದಲೇ ‘ನಿಮ್ಮಲ್ಲಿ ಎಷ್ಟು ಬಂತು?’ ಎಂಬ ಪ್ರಶ್ನೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ತೋಟವೆಲ್ಲ ಬೆಳ್ಳಗಾಗಿ, ಆ ಪರಿಮಳ ಪೇಟೆಯವರೆಗೂ ಬರುತ್ತದೆ. ಮೇ ಮುಗಿಯುವುದರೊಳಗೆ ಸೌದೆ ಒಳಗೆ ಸೇರಬೇಕು, ತಾರಸಿಯ ಮೇಲಿನ ಶೀಟು ಭದ್ರವಾಗಬೇಕು. ತಾರಸಿ ಹಾಕಿದ ಮೇಲೂ ಅದರ ಮೇಲೊಂದು ಶೀಟಿನ ಮಾಡು ಎಬ್ಬಿಸದೆ ಇಲ್ಲಿ ಮನೆ ಉಳಿಯದು.

ಆಮೇಲೆ ಮೂರು ತಿಂಗಳು ಬಿಸಿಲಿನ ಹಂಗಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ಬೀರುವಿನೊಳಗಿನ ರೇಷ್ಮೆ ಸೀರೆಗೆ ಬೂಷ್ಟು. ಮಕ್ಕಳ ಯೂನಿಫಾರ್ಮ್ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿ ಹೊಗೆ ವಾಸನೆ ಹೊತ್ತೇ ಶಾಲೆಗೆ ಹೋಗುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪು ಬೇಯಿಸಿದ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ಕಣಿಲೆ, ಏಡಿ, ಅಣಬೆ, ಕೆಸದ ಸೊಪ್ಪು ಎಲ್ಲ ಈ ಚಳಿಮಳೆಯದೇ ಊಟ. ಹೊರಗಿನಿಂದ ಬಂದವರು ಮಡಿಕೇರಿಯ ಹವೆ ಹಿತ ಎನ್ನುವುದು ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಮಾತು. ಇಲ್ಲಿನವರು ಮಳೆಗಾಲವನ್ನೂ ಪ್ರೀತಿಸುತ್ತಾರೆ, ಅದಕ್ಕೆ ತಕ್ಕಂತೆ ಬದುಕುವುದನ್ನು ಕಲಿತಿದ್ದಾರೆ.

ಅವರ ಆಟವೂ ಹಾಗೆಯೇ. ಪ್ರವಾಸಿಗರು ಮಾಂದಲ್‌ಪಟ್ಟಿಯ ಹುಲ್ಲುಗುಡ್ಡಕ್ಕೆ ಜೀಪು ಹತ್ತುತ್ತಾರೆ, ಅಬ್ಬಿ ಜಲಪಾತ ನೋಡುತ್ತಾರೆ, ಸಂಜೆ ರಾಜಾಸೀಟಿನಲ್ಲಿ ಕೂರುತ್ತಾರೆ. ಕಾಲಿನ ಕಸುವಿದ್ದವರು 1,748 ಮೀಟರ್ ಎತ್ತರದ ತಡಿಯಂಡಮೋಳ್ ಏರುತ್ತಾರೆ. ಕೊಡಗಿನ ಅತಿ ಎತ್ತರದ ಬೆಟ್ಟ ಅದು, ಬೆಳಗಿನ ಜಾವವೇ ಹೊರಟರೆ ಮೇಲಿನ ಶೋಲಾ ಕಾಡು, ಹುಲ್ಲುಗಾವಲು ಎರಡನ್ನೂ ನಿಧಾನವಾಗಿ ನೋಡಬಹುದು. ಊರವರ ಸಂಭ್ರಮ ಬೇರೆ. ಮಳೆಗಾಲದಲ್ಲಿ ಪಕ್ಕದ ಕಗ್ಗೋಡ್ಲುವಿನ ಗದ್ದೆಯಲ್ಲಿ ಕೆಸರುಗದ್ದೆ ಕ್ರೀಡಾಕೂಟ: ಮೊಣಕಾಲುದ್ದ ಕೆಸರಿನಲ್ಲಿ ಓಟ, ಹಗ್ಗಜಗ್ಗಾಟ. ನವರಾತ್ರಿ ಬಂದರೆ ನಾಲ್ಕು ಶಕ್ತಿದೇವತೆಗಳ ಕರಗ, ವಿಜಯದಶಮಿಯ ರಾತ್ರಿ ಬೆಳಗಿನವರೆಗೆ ಹತ್ತು ಮಂಟಪಗಳ ಮೆರವಣಿಗೆ. ಬೇಸಿಗೆಗೆ ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರಲ್ಲಿ 360 ಕುಟುಂಬಗಳು ಆಡಿದವು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವ ಈ ಪಂದ್ಯಗಳಿಗಿಂತ ಚೆಂದದ ಹೊರಾಂಗಣ ಮನರಂಜನೆ ಯಾವ ಗಿರಿಧಾಮದಲ್ಲಿದೆ?

2018ರ ಆಗಸ್ಟ್ ನಡುವಿನಲ್ಲಿ ಎಲ್ಲ ಬದಲಾಯಿತು. ವಾರಗಟ್ಟಲೆ ನೆನೆದಿದ್ದ ಗುಡ್ಡಗಳು ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿಗಳಲ್ಲಿ ಜಾರಿ ಬಂದವು. ಮನೆ, ತೋಟ, ಗದ್ದೆ, ಜೀವ ಹೋದವು. ಸಂಪಾಜೆ ಘಾಟಿಯ ರಸ್ತೆ ಮುರಿದು ಮಂಗಳೂರಿನ ಸಂಪರ್ಕವೇ ತಪ್ಪಿತು. ಊರೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಬರೆ ಮನೆಗಳ ಮೇಲೆಯೇ ಬಿತ್ತು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದು ರಸ್ತೆ, ರೆಸಾರ್ಟು, ಮನೆ ಮಾಡಿದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಬುಡದ ಆಸರೆ ತಪ್ಪಿದ, ನೀರು ಹರಿದುಹೋಗಲು ದಾರಿಯಿಲ್ಲದ ಮಣ್ಣು ತನ್ನ ಭಾರಕ್ಕೇ ಜಾರುತ್ತದೆ. ಸಂತ್ರಸ್ತರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಮನೆ ಸಿಕ್ಕವು. ಬರೆ ಕಡಿಯುವುದು ಮಾತ್ರ ನಿಲ್ಲಲಿಲ್ಲ. 2022ರ ಮಳೆಯಲ್ಲಿ ಜಿಲ್ಲಾಡಳಿತ ಭವನದ ಕೆಳಗಿನ ತಡೆಗೋಡೆಯೇ ಉಬ್ಬಿ, ಆ ರಸ್ತೆಯ ಸಂಚಾರ ನಿಲ್ಲಿಸಬೇಕಾಯಿತು.

ಇಷ್ಟೆಲ್ಲ ಮಳೆ ಬೀಳುವ ಊರಿನಲ್ಲಿ ಏಪ್ರಿಲ್ ಬಂತೆಂದರೆ ನಲ್ಲಿಗೆ ಕಾಯಬೇಕು. ನಗರಕ್ಕೆ ನೀರು ಬರುವುದು ಮುಖ್ಯವಾಗಿ ಕೂಟುಹೊಳೆಯಿಂದ, ಜೊತೆಗೆ ಕುಂಡಾಮೇಸ್ತ್ರಿ ಯೋಜನೆಯಿಂದ. ಹೊಳೆ ಸೊರಗುವುದೂ ಬೇಸಿಗೆ ರಜೆಯ ಪ್ರವಾಸಿಗರು ಕಿಕ್ಕಿರಿಯುವುದೂ ಒಂದೇ ತಿಂಗಳಲ್ಲಿ. ಆಸ್ಪತ್ರೆಯದು ಇನ್ನೂ ಗಂಭೀರ ಪ್ರಶ್ನೆ. ಜಿಲ್ಲೆಗೆ ರೈಲಿಲ್ಲ. 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೂ ತುರ್ತು ಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಬೇಕಾದಾಗ, 2019ರಲ್ಲಿ ಜಿಲ್ಲೆಯ ಜನ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ದೊಡ್ಡ ಅಭಿಯಾನವನ್ನೇ ನಡೆಸಿದರು. ಘಾಟಿಯಲ್ಲಿ ಗುಡ್ಡ ಜರಿದ ದಿನ ಆ ಎರಡು ದಾರಿಗಳಲ್ಲಿ ಒಂದು ಇರುವುದೇ ಇಲ್ಲ.

ಹೋಮ್‌ಸ್ಟೇಗಳ ಮೇಲೆ ನನಗೆ ಸಿಟ್ಟಿಲ್ಲ. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಬಾಡಿಗೆಗೆ ಕೊಟ್ಟ ಎರಡು ಕೋಣೆಯಿಂದ. ಜೀಪಿನವರು, ಅಂಗಡಿಯವರು ಬದುಕುವುದೂ ಅದರಿಂದಲೇ. ಆದರೆ ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗ ಅಧಿಕಾರಿಗಳು ನಕಾಶೆಯ ಜೊತೆಗೆ ಮೂರು ಸಂಗತಿ ನೋಡಲೇಬೇಕು: ಬರೆಯನ್ನು ಎಷ್ಟು ಅಡಿ ಕಡಿಯುತ್ತಾರೆ, ಮಳೆನೀರು ಯಾವ ಚರಂಡಿಗೆ ಇಳಿಯುತ್ತದೆ, ಏಪ್ರಿಲ್‌ನಲ್ಲಿ ನೀರು ಎಲ್ಲಿಂದ ತರುತ್ತಾರೆ. ನೋಡುವುದಕ್ಕೆ ಜುಲೈ ತಿಂಗಳಲ್ಲಿ ಬರಬೇಕು, ಜನವರಿಯಲ್ಲಲ್ಲ. ಕೆಳಗಿನ ಮನೆಯವರನ್ನೂ ಆಗ ಕರೆದು ಕೇಳಬೇಕು.